ಯಾವಾಗಿನಿಂದ? ಮುಳಬಾಗಿಲಿನ ಒಂದು ತೆರಿಗೆ ಶಾಸನ ಮತ್ತು ‘ಹಿಂದಿನಿಂದ ಬಂದ ಪದ್ಧತಿ’

ಶಾಸನ ಓದುವವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ: ಇದು ಯಾವ ಕಾಲದ್ದು? ಹೊಲದ ಬದುವಿನಲ್ಲಿ ವೀರಗಲ್ಲು ಸಿಗಲಿ, ಗುಡಿಯ ಅಧಿಷ್ಠಾನದ ಮೇಲೆ ನಾಲ್ಕು ಸಾಲು ತಮಿಳು ಅಕ್ಷರ ಕಾಣಲಿ, ಮೊದಲು ಲಿಪಿ ನೋಡ್ತೀವಿ, ಶಕವರ್ಷ ಹುಡುಕ್ತೀವಿ, ಸಂವತ್ಸರ ತಾಳೆ ಹಾಕ್ತೀವಿ. ಕಾಲ ಗೊತ್ತಾಗದೆ ಮುಂದಿನ ಮಾತಿಲ್ಲ. ಆದರೆ ಅದೇ ನಾವು, ಊರಿನ ನಡವಳಿಕೆಯ ಬಗ್ಗೆ ಯಾರಾದರೂ ‘ಇದು ಹಿಂದಿನಿಂದಲೂ ಹೀಗೇ ನಡೆದುಕೊಂಡು ಬಂದಿದೆ’ ಅಂದ ಕೂಡಲೇ ಸುಮ್ಮನಾಗಿಬಿಡ್ತೀವಿ. ಅದೂ ಕಾಲದ ಬಗ್ಗೆ ಮಾಡಿದ ಹೇಳಿಕೆಯೇ ಅಲ್ವಾ? ಕಲ್ಲಿಗೆ ಕೇಳುವ ಪ್ರಶ್ನೆಯನ್ನು ಈ ಮಾತಿಗೆ ಯಾಕೆ ಕೇಳಬಾರದು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಕೇಳುತ್ತಿದ್ದೇನೆ. ಉತ್ತರ ಎಲ್ಲ ಕಡೆಯೂ ನಮಗೆ ಹಿತವಾಗಿಯೇ ಇರುತ್ತದೆ ಅಂತೇನಿಲ್ಲ.

ಮಾಲೂರಿನ ಒಂದು ಕೋಲು

2022ರ ಸೆಪ್ಟೆಂಬರ್. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಗ್ರಾಮದೇವತೆಯ ಉತ್ಸವ. ಮೆರವಣಿಗೆಯಲ್ಲಿದ್ದ ಸಿಡಿರಣ್ಣ ದೇವರ ಕೋಲನ್ನು ಒಬ್ಬ ದಲಿತ ಹುಡುಗ ಮುಟ್ಟಿದ. ವಯಸ್ಸು ಹದಿನೈದು. ದೇವರು ಮೈಲಿಗೆಯಾಯ್ತು ಅಂತ ಊರಿನ ಪಂಚಾಯಿತಿ ಸೇರಿ ಆ ಕುಟುಂಬಕ್ಕೆ 60 ಸಾವಿರ ರೂಪಾಯಿ ದಂಡ ಹಾಕಿತು. ದಂಡ ಕಟ್ಟದಿದ್ದರೆ ಊರೊಳಗೆ ಬರಬಾರದು ಅನ್ನುವ ತಾಕೀತು ಬೇರೆ. ಸುದ್ದಿ ಹೊರಗೆ ಬಂತು, ಪೊಲೀಸ್ ಕೇಸಾಯ್ತು, ಬಂಧನಗಳೂ ಆದವು. ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದ ಸಂಗತಿ ಇದು.

ಕಾನೂನಿನ ಲೆಕ್ಕದಲ್ಲಿ ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಏಳು ದಶಕ ದಾಟಿದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೂ ಇಂಥ ದಂಡ ಹಾಕುವವರು ತಮ್ಮನ್ನು ಅಪರಾಧಿಗಳು ಅಂದುಕೊಳ್ಳುವುದಿಲ್ಲ. ಸಂಪ್ರದಾಯ ಕಾಯುವವರು ಅಂದುಕೊಳ್ಳುತ್ತಾರೆ. ಅವರ ಬೆನ್ನಿಗೆ ನಿಂತಿರುವುದು ಇತಿಹಾಸದ ಬಗೆಗಿನ ಒಂದು ನಂಬಿಕೆ: ಈ ಪದ್ಧತಿಗೆ ಆರಂಭವೇ ಇಲ್ಲ, ಯಾರೂ ಇದನ್ನು ಮಾಡಿದ್ದಲ್ಲ, ಆದ್ದರಿಂದ ಯಾರೂ ಬಿಡುವಂತಿಲ್ಲ. ಪೊಲೀಸರು ದಂಡವನ್ನು ತಡೆಯಬಹುದು, ಈ ನಂಬಿಕೆಯನ್ನು ತಡೆಯುವುದು ಅವರ ಕೆಲಸ ಅಲ್ಲ. ಅದು ಕಾಲವನ್ನು ಲೆಕ್ಕ ಹಾಕಲು ಕಲಿತವರ ಕೆಲಸ.

ಸಂಪುಟ ಹತ್ತು ನಮಗೆ ಕಲಿಸಿದ್ದು

ಈ ನಾಲ್ಕೂ ತಾಲ್ಲೂಕುಗಳ ಶಾಸನಗಳಿಗೆ ಮೂಲ ಆಕರ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 10ನೇ ಸಂಪುಟ, 1905ರಲ್ಲಿ ಬಂದದ್ದು. ಅಂದಿನ ಕೋಲಾರ ಜಿಲ್ಲೆ ಅಂದರೆ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯೂ ಸೇರಿದ್ದು. ಕನ್ನಡ, ತಮಿಳು, ತೆಲುಗು, ಸಂಸ್ಕೃತ ನಾಲ್ಕೂ ಒಂದೇ ಸಂಪುಟದಲ್ಲಿ ಸಿಗುತ್ತವೆ. ನೂರು ವರ್ಷ ಕಳೆದರೂ ನಾವು ಅದನ್ನೇ ಹಿಡಿದು ಊರೂರು ಸುತ್ತುತ್ತಿದ್ದೇವೆ. ಆ ಋಣ ದೊಡ್ಡದು.

ಆದರೆ ಆ ಸಂಪುಟ ನಮಗೊಂದು ಓದುವ ಕ್ರಮವನ್ನೂ ಕಲಿಸಿಬಿಟ್ಟಿದೆ. ಪೀಠಿಕೆ ನಡೆಯುವುದೇ ರಾಜವಂಶಗಳ ಸಾಲಿನಲ್ಲಿ: ಬಾಣ, ಗಂಗ, ವೈದುಂಬ, ನೊಳಂಬ, ಚೋಳ, ಹೊಯ್ಸಳ, ವಿಜಯನಗರ. ಸಾವಿರಕ್ಕೂ ಹೆಚ್ಚು ವರ್ಷಗಳ ಬದುಕು ಆಳಿದವರ ಹೆಸರಿನ ಅಡಿಯಲ್ಲಿ ಜೋಡಣೆಯಾಗಿದೆ. ಅದರ ಫಲ ಇವತ್ತಿನ ಫೇಸ್‌ಬುಕ್ ಪೋಸ್ಟುಗಳಲ್ಲಿ ಕಾಣುತ್ತೆ. ‘ನಮ್ಮೂರಲ್ಲಿ ಚೋಳರ ಶಾಸನ ಇದೆ’, ‘ನಮ್ಮೂರಿನ ಮೊದಲ ಉಲ್ಲೇಖ ಇಂಥ ವರ್ಷದ್ದು’, ಒಂದು ಫೋಟೋ, ಕೆಳಗೆ ನೂರು ಕೈಮುಗಿದ ಚಿಹ್ನೆಗಳು. ಶಾಸನದಲ್ಲಿ ಏನಿದೆ, ಯಾರು ಯಾರಿಗೆ ಏನು ಕೊಟ್ಟರು, ಯಾರಿಂದ ಏನು ಕಿತ್ತುಕೊಂಡರು, ಯಾರು ಬೇಡ ಅಂದರು ಅನ್ನೋದು ಕಾಮೆಂಟಿನಲ್ಲೂ ಬರೋದಿಲ್ಲ. ರೈಸ್ ಕಾಲದಲ್ಲಿ ರಾಜವಂಶಗಳ ಕಾಲಗಣನೆಯೇ ಗೊತ್ತಿರಲಿಲ್ಲ, ಹಾಗಾಗಿ ಅವರಿಗೆ ಆ ಕೆಲಸ ಬೇಕಿತ್ತು. ಆ ಕೆಲಸ ಬಹುಪಾಲು ಮುಗಿದ ಮೇಲೂ ನಾವು ಅಲ್ಲೇ ನಿಂತಿದ್ದೀವಿ.

ಹಸುವಿನ ತೆರಿಗೆ ಬೇಡ ಅಂದವರು

ಇದೇ ಸಂಪುಟದ ಮುಳಬಾಗಿಲು ತಾಲ್ಲೂಕಿನ ಭಾಗದಲ್ಲಿ ಒಂದು ತಮಿಳು ಶಾಸನವಿದೆ. ಒಂದನೇ ಕುಲೋತ್ತುಂಗ ಚೋಳ ಪಟ್ಟಕ್ಕೆ ಬಂದ ಹೊಸತು, ಸುಮಾರು 1072–73. ದಾನ ಕೊಟ್ಟ ರಾಜನಾಗಲಿ ಗುಡಿ ಕಟ್ಟಿಸಿದ ರಾಣಿಯಾಗಲಿ ಇದನ್ನು ಕೆತ್ತಿಸಿಲ್ಲ. ಹದಿನೆಂಟು ವಿಷಯಗಳ ಜನ, ಅಂದರೆ ಹದಿನೆಂಟು ಸೀಮೆಯವರು, ಅವರ ಜೊತೆಗೆ ದೊಡ್ಡ ಆಯುಧಗಳನ್ನು ಹಿಡಿದ ‘ವಲಂಗೈ’ ಮಹಾಸೇನೆ, ಅಂದರೆ ಬಲಗೈ ಗುಂಪಿನವರು, ಸೇರಿ ಹಾಕಿಸಿದ ಕಲ್ಲು.

ವಿಷಯ ಹಸು ಮತ್ತು ಎಮ್ಮೆಗಳ ಮೇಲಿನ ತೆರಿಗೆ. ಶಾಸನದ ವಾದ ಸರಳ. ಚೋಳ ವಂಶ ಹುಟ್ಟಿದಾಗಿನಿಂದ ಚೋಳಮಂಡಲದ 78 ನಾಡುಗಳಲ್ಲಾಗಲಿ, ಜಯಂಗೊಂಡಚೋಳಮಂಡಲದ 48,000 ಸೀಮೆಯಲ್ಲಾಗಲಿ ಹಸು, ಎಮ್ಮೆಗೆ ತೆರಿಗೆ ಇದ್ದದ್ದಿಲ್ಲ. ಆದ್ದರಿಂದ ಇಲ್ಲೂ ಕೊಡತಕ್ಕದ್ದಲ್ಲ. ಜೊತೆಗೆ ಭೂಮಿ ಅಳೆಯುವ ಕೋಲು ಎಷ್ಟುದ್ದ ಇರಬೇಕು, ಬೆಳೆಯಲ್ಲಿ ಎಷ್ಟು ಪಾಲು ಕಂದಾಯ ಅನ್ನುವುದನ್ನೂ ಕಲ್ಲಿಗೆ ಏರಿಸಿದ್ದಾರೆ.

ಇದರಲ್ಲಿ ಗಮನಿಸಬೇಕಾದ್ದು ಎರಡು. ಒಂದು, ತೆರಿಗೆ ಅನ್ನುವುದು ಆಕಾಶದಿಂದ ಬಿದ್ದದ್ದಲ್ಲ, ಯಾರೋ ಹಾಕುತ್ತಾರೆ, ಬೇಡ ಅನ್ನಬಹುದು ಅನ್ನುವ ತಿಳಿವಳಿಕೆ ಸಾವಿರ ವರ್ಷದ ಹಿಂದೆಯೇ ಈ ನೆಲದಲ್ಲಿತ್ತು. ಇದೊಂದೇ ಉದಾಹರಣೆಯೂ ಅಲ್ಲ. 1429ರಲ್ಲಿ ವಿಜಯನಗರದ ಆಳ್ವಿಕೆಯಡಿ ಕಾವೇರಿ ಬಯಲಿನಲ್ಲಿ ಬಲಗೈ, ಎಡಗೈ ಎರಡೂ ಗುಂಪಿನವರು ಒಂದಾಗಿ ಅಧಿಕಾರಿಗಳ, ಭೂಮಾಲೀಕರ ಹೆಚ್ಚುವರಿ ತೆರಿಗೆಗಳನ್ನು ಧಿಕ್ಕರಿಸಿ ಹಾಕಿಸಿದ ಶಾಸನಗಳಿವೆ. ನೊಬೊರು ಕರಾಶಿಮಾ ಅವುಗಳನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ.

ಎರಡನೆಯದು ಇನ್ನೂ ಮುಖ್ಯ. ಮುಳಬಾಗಿಲಿನ ಜನ ಬಳಸಿದ್ದೂ ‘ಹಿಂದಿನಿಂದ’ ಅನ್ನುವ ವಾದವನ್ನೇ! ಹಿಂದೆ ಇರಲಿಲ್ಲ, ಈಗಲೂ ಬೇಡ. ಉಳ್ಳೇರಹಳ್ಳಿಯಲ್ಲಿ ನಡೆದದ್ದು ಅದರ ತಿರುಗುಮುರುಗು: ಹಿಂದೆ ಮುಟ್ಟುತ್ತಿರಲಿಲ್ಲ, ಈಗಲೂ ಮುಟ್ಟಬಾರದು. ವಾದದ ಕಟ್ಟಡ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಕಲ್ಲು ಹಾಕಿಸಿದವರು ತಮ್ಮ ಆಧಾರ ಹೇಳಿದ್ದಾರೆ. ಯಾವಾಗಿನಿಂದ, ಯಾವ ನಾಡುಗಳಲ್ಲಿ, ಯಾವುದರ ಮೇಲೆ ಅನ್ನೋದೆಲ್ಲ ಅದರಲ್ಲಿದೆ. ಬೇರೆಯವರು ಹೋಗಿ ಚೋಳಮಂಡಲದಲ್ಲಿ ವಿಚಾರಿಸಿ ‘ಸುಳ್ಳು’ ಅನ್ನುವುದಕ್ಕೂ ದಾರಿ ಬಿಟ್ಟಿದ್ದಾರೆ. ದಂಡ ಹಾಕುವ ಪಂಚಾಯಿತಿಯ ‘ಹಿಂದಿನಿಂದ’ಕ್ಕೆ ಇಂಥ ಒಂದು ವಿವರವೂ ಇಲ್ಲ. ಪರೀಕ್ಷೆಗೆ ನಿಲ್ಲದಿರುವುದರಲ್ಲೇ ಅದರ ಬಲ ಇದೆ.

ಹಳೆಯದಾಗಿದ್ದರೆ?

ಇಲ್ಲಿ ಒಂದು ಅಡ್ಡಿ ಬರುತ್ತೆ, ಅದನ್ನು ಹಾರಿ ಹೋಗುವಂತಿಲ್ಲ. ‘ಯಾವಾಗಿನಿಂದ?’ ಅಂತ ಕೇಳಿದರೆ ‘ಸಾವಿರ ವರ್ಷದಿಂದ’ ಅನ್ನುವ ಉತ್ತರವೇ ಬಂದರೆ?

ಬರುತ್ತೆ ಕೂಡ. ರಾಜರಾಜ ಚೋಳನ ತಂಜಾವೂರಿನ ದೊಡ್ಡ ಗುಡಿಯ ಶಾಸನಗಳಲ್ಲಿ ಗುಡಿಗೆ ಬಿಟ್ಟ ಊರುಗಳ ವಿವರ ಇದೆ. ತೆರಿಗೆಗೆ ಒಳಪಡದ ಜಾಗಗಳನ್ನು ಎಣಿಸುವಾಗ ಊರಿನ ನಿವೇಶನ, ಕೆರೆ, ಕಾಲುವೆಗಳ ಜೊತೆಗೆ ‘ಪರೈಚ್ಚೇರಿ’ ಬರುತ್ತದೆ. ‘ತೀಂಡಾಚ್ಚೇರಿ’ ಅನ್ನುವ ಮಾತೂ ಬರುತ್ತದೆ, ಅಂದರೆ ಮುಟ್ಟಬಾರದವರ ಕೇರಿ. ಪರೈಯರ ಸುಡುಗಾಡು ಬೇರೆಯೇ ಇತ್ತು ಅನ್ನುವುದೂ ಅಲ್ಲಿದೆ. ರಾಜರಾಜನ ಕಾಲದಲ್ಲೇ, 1004ರ ಸುಮಾರಿಗೆ ತಲಕಾಡು ಬಿದ್ದ ಮೇಲೆ, ಗಂಗವಾಡಿಯ ಮೇಲೆ ಚೋಳರ ಹಿಡಿತ ಗಟ್ಟಿಯಾಯಿತು. ಹಾಗಾಗಿ ‘ಅಸ್ಪೃಶ್ಯತೆ ಬ್ರಿಟಿಷರು ತಂದದ್ದು, ನಮ್ಮ ರಾಜರ ಕಾಲದಲ್ಲಿ ಎಲ್ಲರೂ ಒಂದೇ ಆಗಿದ್ದರು’ ಅಂತ ಹೇಳುವ ಪೋಸ್ಟುಗಳಿಗೆ ಶಾಸನ ಓದಿದವರು ಲೈಕ್ ಒತ್ತಲು ಆಗೋದಿಲ್ಲ. ಪರಂಪರೆಯ ಮೇಲಿನ ಪ್ರೀತಿಗಾಗಿ ಕಲ್ಲಿನ ಮೇಲಿರುವ ಅಕ್ಷರ ಅಳಿಸುವುದು ನಮ್ಮ ಕೆಲಸ ಅಲ್ಲ.

ಆದರೆ ಹಳೆಯದು ಅನ್ನುವುದಕ್ಕೂ ಆರಂಭವಿಲ್ಲದ್ದು ಅನ್ನುವುದಕ್ಕೂ ಅಂತರವಿದೆ. ಇದನ್ನು ತುಂಬಾ ಚೆನ್ನಾಗಿ ಕಂಡುಕೊಂಡವರು ಅಂಬೇಡ್ಕರ್. ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಅನ್ನುವುದರ ಬಗ್ಗೆ 1948ರಲ್ಲಿ ಅವರು ಬರೆದ ಪುಸ್ತಕ ಕೊನೆಗೆ ತಲುಪುವುದು ಒಂದು ಕಾಲನಿರ್ಣಯಕ್ಕೆ: ಸುಮಾರು ಕ್ರಿ.ಶ. 400. ಅಲ್ಲಿಗೆ ಹೋಗಲು ಅವರು ಸ್ಮೃತಿಗಳನ್ನು ಓದಿದರು, ಚೀನೀ ಯಾತ್ರಿಕರ ಬರಹ ಓದಿದರು, ಗೋಹತ್ಯೆಯ ಪ್ರಸ್ತಾಪ ಬರುವ ಗುಪ್ತರ ಕಾಲದ ಶಾಸನಗಳನ್ನು ಡಿ.ಆರ್. ಭಂಡಾರ್ಕರ್ ಅವರ ಬರಹದ ಮೂಲಕ ಮುಂದಿಟ್ಟರು. ಅವರ ತೀರ್ಮಾನವನ್ನು ಒಪ್ಪದ ವಿದ್ವಾಂಸರಿದ್ದಾರೆ, ಅದು ಬೇರೆ ಮಾತು. ನಮಗೆ ಮುಖ್ಯವಾದದ್ದು ಅವರು ಆ ಕೆಲಸಕ್ಕೆ ಯಾಕೆ ಕೈ ಹಾಕಿದರು ಅನ್ನೋದು. ಒಂದು ಪದ್ಧತಿಗೆ ತಾರೀಕು ಹಾಕಿದ ಕೂಡಲೇ ಅದು ಮನುಷ್ಯರು ಮಾಡಿದ್ದಾಗುತ್ತದೆ, ಅದಕ್ಕೆ ಕಾರಣಗಳಿರುತ್ತವೆ, ಅದರಿಂದ ಲಾಭ ಪಡೆದವರಿರುತ್ತಾರೆ. ಶತಮಾನ ಹಿಂದೆ ಮುಂದೆ ಆಗಬಹುದು, ಈ ಮಾತು ನಿಲ್ಲುತ್ತದೆ.

ಹೆಸರುಗಳ ವಯಸ್ಸು

ಎಷ್ಟೋ ‘ಹಿಂದಿನಿಂದ’ಗಳು ನಿಜಕ್ಕೂ ಮೊನ್ನೆಯವು. ಶ್ರೀನಿವಾಸಪುರವನ್ನೇ ತಗೊಳ್ಳಿ. ಅದು ಮೊದಲು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿನಲ್ಲಿ ಅದನ್ನು ಬದಲಾಯಿಸಿದರು. ಪೂರ್ಣಯ್ಯ ಮೈಸೂರಿನ ಆಡಳಿತ ನಡೆಸಿದ್ದು 1799ರಿಂದ 1811ರವರೆಗೆ, ಅಂದರೆ ಆ ಹೆಸರಿಗೆ ಇನ್ನೂರು ವರ್ಷ ಚಿಲ್ಲರೆ. ಇವತ್ತು ಅಲ್ಲಿನ ಮಕ್ಕಳಿಗೆ ಊರು ಹುಟ್ಟಿದಾಗಿನಿಂದ ಶ್ರೀನಿವಾಸಪುರವೇ.

ಕೋಲಾರಮ್ಮನ ಗುಡಿಯ ಚೋಳ ಶಾಸನಗಳಲ್ಲಿ ದೇವಿಗಿರುವ ಹೆಸರು ಪಿಡಾರಿ. ತಮಿಳು ಸೀಮೆಯ ಗ್ರಾಮದೇವತೆಗಳ ಹೆಸರದು. ಗಂಗರು ತಮ್ಮನ್ನು ‘ಕುವಳಾಲಪುರವರೇಶ್ವರ’ ಅಂತ ಕರೆದುಕೊಂಡ ಆ ಕುವಳಾಲವೇ ಇಂದಿನ ಕೋಲಾರ. ಊರಿನ ಹೆಸರು, ದೇವರ ಹೆಸರು ಬದಲಾಗಿ, ಆ ಬದಲಾವಣೆಯೂ ಮರೆತುಹೋಗಿರುವಾಗ, ಕೋಲನ್ನು ಯಾರು ಮುಟ್ಟಬಾರದು ಅನ್ನುವ ನಿಯಮ ಮಾತ್ರ ಬದಲಾಗದೆ ಬಂದಿದೆ ಅಂತ ನಂಬುವುದು ಹೇಗೆ?

ಬಲಗೈ, ಎಡಗೈ

ಮುಳಬಾಗಿಲಿನ ಕಲ್ಲಿನ ‘ವಲಂಗೈ’ ಪದ ಇವತ್ತಿಗೂ ಬದುಕಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟಿತು. ನ್ಯಾ. ನಾಗಮೋಹನ್ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು ಎಡಗೈ ಗುಂಪಿಗೆ 6, ಬಲಗೈ ಗುಂಪಿಗೆ 6, ಉಳಿದವರಿಗೆ 5 ಅಂತ ಹಂಚಲು ತೀರ್ಮಾನಿಸಿತು. ಕೋಲಾರ ಮೀಸಲು ಲೋಕಸಭಾ ಕ್ಷೇತ್ರ, ಮುಳಬಾಗಿಲು ಮೀಸಲು ವಿಧಾನಸಭಾ ಕ್ಷೇತ್ರ. ಇಲ್ಲಿ ಟಿಕೆಟ್ ಹಂಚಿಕೆ ಅಂದರೆ ಮೊದಲ ಪ್ರಶ್ನೆ ಎಡಗೈನಾ ಬಲಗೈನಾ.

ಈ ಹೊತ್ತಿನಲ್ಲಿ ಶಾಸನ ತಪ್ಪಾಗಿ ಓದಿದರೆ ಅದು ಬರೀ ವಿದ್ವತ್ತಿನ ತಪ್ಪಾಗಿ ಉಳಿಯೋದಿಲ್ಲ. 1072ರ ‘ವಲಂಗೈ ಮಹಾಸೇನೆ’ಯನ್ನು ಇಂದಿನ ಬಲಗೈ ಸಮುದಾಯಕ್ಕೆ ನೇರ ಅಂಟಿಸಿ ‘ನೋಡಿ, ನಿಮಗೆ ಸೈನ್ಯವೇ ಇತ್ತು, ನೀವು ಶೋಷಿತರು ಹೇಗಾದೀರಿ’ ಅಂತ ಕೇಳಬಹುದು. ಅದೇ ಕಲ್ಲನ್ನು ಹಿಡಿದು ಇನ್ನೊಬ್ಬರು ಹೆಮ್ಮೆಯ ಪೋಸ್ಟರ್ ಮಾಡಬಹುದು. ಎರಡಕ್ಕೂ ಕಲ್ಲು ಆಧಾರ ಕೊಡೋದಿಲ್ಲ. ಚೋಳರ ಕಾಲದ ವಲಂಗೈ ಅಂದರೆ ಸೈನಿಕರು, ಒಕ್ಕಲುತನದವರು ಸೇರಿದ ದೊಡ್ಡ ಕೂಟ. 19ನೇ ಶತಮಾನದ ಮೈಸೂರಿನ ದಾಖಲೆಗಳಿಗೆ ಬರುವ ಹೊತ್ತಿಗೆ ಅದು 18 ಪಣದ ಬಲಗೈ, 9 ಪಣದ ಎಡಗೈ ಅನ್ನುವ ಜಾತಿಗಳ ಬಣವಾಗಿದೆ. ಬಲಗೈಯಲ್ಲಿ ಬಣಜಿಗರೂ ಇದ್ದಾರೆ, ಹೊಲೆಯರೂ ಇದ್ದಾರೆ. ಎಡಗೈಯಲ್ಲಿ ಪಾಂಚಾಳರೂ ಇದ್ದಾರೆ, ಮಾದಿಗರೂ ಇದ್ದಾರೆ. ಬಣಜಿಗರು, ಪಾಂಚಾಳರು ಆ ಹೆಸರನ್ನು ಬಿಟ್ಟು ಮುಂದೆ ಹೋದರು. ಕೊನೆಯಲ್ಲಿ ಅದು ಉಳಿದುಕೊಂಡದ್ದು ದಲಿತರ ಹೆಗಲ ಮೇಲೆ. ಒಂದು ಪದ ಮೇಲಿನವರಿಂದ ಕಳಚಿ ಕೆಳಗಿನವರಿಗೆ ಮಾತ್ರ ಅಂಟಿಕೊಂಡ ಈ ಕಥೆ ಗೊತ್ತಿದ್ದರೆ, ಇಂದಿನ ಎಡಗೈ–ಬಲಗೈ ಜಗಳವನ್ನು ‘ಅವರವರಲ್ಲೇ ಹಳೇ ವೈರ’ ಅಂತ ಕೈತೊಳೆದುಕೊಳ್ಳಲು ಬರುವುದಿಲ್ಲ.

ಕಲ್ಲು ಹೇಳದೇ ಇರುವುದು

ಶಾಸನಗಳು ಕೊಟ್ಟವರ ಕಾಗದಪತ್ರ. ಆವಣಿಯ 961ರ ಶಾಸನದ ಪ್ರಕಾರ ತ್ರಿಭುವನಕರ್ತ ನಲವತ್ತು ವರ್ಷ ಆವಣಿಯ ಸ್ಥಾನವನ್ನು ಆಳಿ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರು. ಮಣ್ಣು ಹೊತ್ತವರು ಎಷ್ಟು ಜನ? ಆ ಲೆಕ್ಕ ಅಲ್ಲಿಲ್ಲ. ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಕೆರೆ ಶಾಸನ ಅಪರೂಪಕ್ಕೆ ಲೆಕ್ಕ ಕೊಡುತ್ತದೆ: ದಿನಕ್ಕೆ ಸಾವಿರ ಆಳು, ಕಲ್ಲಿಗೆ ನೂರು ಗಾಡಿ, ಎರಡು ವರ್ಷ. ಅಲ್ಲೂ ಕಟ್ಟಿಸಿದ ಭಾಸ್ಕರನ ಹೆಸರುಂಟು, ಸಾವಿರ ಜನರಲ್ಲಿ ಒಬ್ಬರ ಹೆಸರೂ ಇಲ್ಲ. ಕೋಲಾರದ ಕೆರೆಗಳ ತೂಬು ಎತ್ತಿ ಇಳಿಸಿ ನೀರು ಹಂಚಿದ ನೀರಗಂಟಿಗಳು ಬಹುಪಾಲು ದಲಿತರು. ಹಂಚುವ ಕೈ ಅವರದು, ಕೆರೆಯ ಕೆಳಗಿನ ಗದ್ದೆ ಬೇರೆಯವರದು. ಕೆರೆ ಪರಂಪರೆಯನ್ನು ಹೊಗಳುವಾಗ ಈ ಎರಡನೇ ವಾಕ್ಯವನ್ನು ಬಿಡುವುದು ನಮಗೆ ಅಭ್ಯಾಸ ಆಗಿದೆ.

ದಾಖಲೆ ಕೇಳುವುದು ಯಾರನ್ನು?

ಹಾಗಂತ ‘ಯಾವಾಗಿನಿಂದ?’ ಅನ್ನುವ ಪ್ರಶ್ನೆ ಈ ಜಿಲ್ಲೆಯಲ್ಲಿ ಯಾರೂ ಕೇಳೋದೇ ಇಲ್ಲ ಅಂತಲ್ಲ. ದಿನಾ ಕೇಳ್ತಾರೆ, ಉಪವಿಭಾಗಾಧಿಕಾರಿ ಕೋರ್ಟಿನಲ್ಲಿ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಕೈಬಿಟ್ಟು ಹೋಗದಂತೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಷರತ್ತು ಮೀರಿದ ಮಾರಾಟ ಅಸಿಂಧು, ಜಮೀನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ವಾಪಸ್. ಆದರೆ ಅರ್ಜಿ ಹಾಕಿದವರು ಮೊದಲು ತೋರಿಸಬೇಕಾದ್ದು ಅಜ್ಜನ ಕಾಲದ ಸಾಗುವಳಿ ಚೀಟಿ. ಯಾವ ವರ್ಷ, ಯಾವ ಷರತ್ತು, ಯಾವ ಸರ್ವೆ ನಂಬರು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಪ್ಪತ್ತೈದು ವರ್ಷದ ಮೇಲೆ ಬಂದ ಅರ್ಜಿ ತಡವಾಯಿತು ಅಂದಿತು. ಆ ತೀರ್ಪಿನ ಆಧಾರದ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಸೇರಿಸಬೇಕಾಯಿತು.

ಶಾಸನ ಓದುವವರಿಗೆ ಇದು ಹೊಸ ವಿಷಯ ಅಲ್ಲ. ದಾನ ಕೊಟ್ಟ ಭೂಮಿ ಸೂರ್ಯಚಂದ್ರರಿರುವ ತನಕ ನಿಲ್ಲಲಿ, ಕಿತ್ತುಕೊಂಡವರು ನರಕಕ್ಕೆ ಹೋಗಲಿ ಅನ್ನುವ ಸಾಲು ನಾವು ನೂರಾರು ಕಡೆ ಓದಿದ್ದೇವೆ. ಗುಡಿಗೆ, ಅಗ್ರಹಾರಕ್ಕೆ ಬಿಟ್ಟ ಭೂಮಿಗೆ ಅಷ್ಟು ಭದ್ರತೆ. ಎರಡೆಕರೆ ಮಂಜೂರಾದವನ ಭೂಮಿಗೆ ಒಂದು ಹರಿದ ಚೀಟಿ, ಅದೂ ಗೆದ್ದಲು ತಿಂದಿರಬಾರದು. ಕಾಲದ ಪುರಾವೆ ಕೇಳುವುದು ಯಾವಾಗಲೂ ಕೆಳಗಿರುವವರನ್ನು. ದಂಡ ಹಾಕುವ ಪಂಚಾಯಿತಿಯನ್ನು ‘ನಿಮ್ಮ ಪದ್ಧತಿಗೆ ಚೀಟಿ ಎಲ್ಲಿ?’ ಅಂತ ಯಾರೂ ಕೇಳೋದಿಲ್ಲ.

ಇತಿಹಾಸ ಗೊತ್ತಿದ್ದರೆ ಅನ್ಯಾಯ ತಾನಾಗಿ ನಿಂತುಹೋಗುತ್ತೆ ಅನ್ನುವ ಭ್ರಮೆ ಬೇಡ. ತಂಜಾವೂರಿನ ‘ತೀಂಡಾಚ್ಚೇರಿ’ಯನ್ನು ಓದಿ ‘ನೋಡಿ, ಆಗಲೇ ಇತ್ತು’ ಅಂತ ಸಮಾಧಾನಪಟ್ಟುಕೊಳ್ಳುವವರೂ ಇರ್ತಾರೆ. ಆದರೆ ಪುರಾವೆ ಕೇಳುವ ಈ ಏಕಮುಖ ರೂಢಿಯನ್ನು ತಿರುಗಿಸುವುದು ನಮ್ಮಂಥವರಿಂದ ಸಾಧ್ಯ. ನಮ್ಮ ಗುಂಪುಗಳಲ್ಲಿ ಶಾಸನದ ಫೋಟೋ ಹಾಕುವಾಗ ರಾಜನ ಹೆಸರಿನ ಜೊತೆಗೆ ತೆರಿಗೆ ಯಾವುದು, ಭೂಮಿ ಯಾರದಿತ್ತು, ಯಾರಿಗೆ ಹೋಯಿತು ಅಂತ ಎರಡು ಸಾಲು ಬರೆಯೋಣ. ಊರಿನಲ್ಲಿ ‘ಹಿಂದಿನಿಂದ ಬಂದದ್ದು’ ಅನ್ನುವ ಮಾತು ಬಂದಾಗ, ಜಗಳಕ್ಕಲ್ಲದೆ ನಿಜಕ್ಕೂ ತಿಳಿಯುವ ಸಲುವಾಗಿ, ಯಾವ ಕಾಲದ್ದು ಅಂತ ಕೇಳೋಣ. ಮುಳಬಾಗಿಲು ತಾಲ್ಲೂಕಿನ ಶಾಲೆಗಳಲ್ಲಿ ಆ ತೆರಿಗೆ ಶಾಸನದ ಕನ್ನಡ ಸಾರಾಂಶ ಒಂದು ಹಾಳೆಯಲ್ಲಿ ಗೋಡೆಗೆ ಬಂದರೆ ಸಾಕು. ಹಸುವಿಗೆ ತೆರಿಗೆ ಬೇಡ ಅಂತ ತಮ್ಮ ಸೀಮೆಯ ಜನ ಕಲ್ಲು ಹಾಕಿಸಿದ್ದರು ಅನ್ನೋದು ಅಲ್ಲಿ ಓದುವ ಮಕ್ಕಳಿಗೆ, ಯಾವ ಕೇರಿಯಿಂದ ಬಂದವರಾದರೂ, ಗೊತ್ತಿರಬೇಕು.